ಸಿಯೆನಾ ನಗರವನ್ನು ನೋಡುವ ಕ್ರಮ: ಕಲೆ, ಕಟ್ಟಡ ಮತ್ತು ಊಟ

ಇಟಲಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಸಿಯೆನಾವನ್ನು ಫ್ಲಾರೆನ್ಸ್‌ನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಊರೆಂದು ಎಣಿಸುತ್ತಾರೆ. ಹಾಗೆ ಹೋದವರಿಗೆ ದೊಡ್ಡ ಚೌಕದಲ್ಲಿ ಒಂದಷ್ಟು ಛಾಯಾಚಿತ್ರ, ಪ್ರಧಾನ ಚರ್ಚಿನ ಮುಂದೆ ಉದ್ದನೆಯ ಸಾಲು, ಅವಸರದ ಒಂದು ಊಟ ಇಷ್ಟು ದಕ್ಕುತ್ತದೆ. ಈ ಊರಿಗೆ ಎರಡು ರಾತ್ರಿಗಳನ್ನು ಕೊಡಬೇಕು ಎಂಬುದು ಈ ಲೇಖನದ ಸಲಹೆ. ನೋಡಬೇಕಾದ ಜಾಗಗಳು ಬಹಳ ಇವೆ ಎಂಬುದು ಇದಕ್ಕೆ ಮುಖ್ಯ ಕಾರಣವಲ್ಲ; ಅವು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಕಾರಣ. ಸಿಯೆನಾದ ಮುಖ್ಯ ಕಟ್ಟಡಗಳೂ ಅತ್ಯುತ್ತಮ ಚಿತ್ರಗಳೂ ಬಹುಪಾಲು 13ನೆಯ ಶತಮಾನದ ಮಧ್ಯಭಾಗದಿಂದ 1348ರ ಪ್ಲೇಗ್‌ವರೆಗಿನ ಅವಧಿಯವು. ಆ ಮಹಾಮಾರಿ ಊರಿನ ಅರ್ಧಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ನಗರ ಮತ್ತೆ ಆ ಮಟ್ಟಕ್ಕೆ ಏರಲಿಲ್ಲ. 1555ರಲ್ಲಿ ಸ್ವಾತಂತ್ರ್ಯವನ್ನೂ ಕಳೆದುಕೊಂಡು ಹಳೆಯ ವೈರಿ ಫ್ಲಾರೆನ್ಸ್‌ನ ಆಳ್ವಿಕೆಗೆ ಸೇರಿತು. ಹೊಸದನ್ನು ಕಟ್ಟಲು ಹಣವಿಲ್ಲದೆ ಹೋದದ್ದರಿಂದಲೇ ಹಳೆಯದು ಉಳಿಯಿತು. ಆದ್ದರಿಂದ ಇಲ್ಲಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ನೋಡುತ್ತೇವೆ ಎಂಬುದಕ್ಕೆ ಬೇರೆ ಊರುಗಳಲ್ಲಿ ಇರುವುದಕ್ಕಿಂತ ಹೆಚ್ಚಿನ ಬೆಲೆಯಿದೆ.

ಮೊದಲು ತಿಂಗಳನ್ನು ಆರಿಸಿಕೊಳ್ಳಿ

ಏಪ್ರಿಲ್, ಮೇ ತಿಂಗಳುಗಳು ಹಿತವಾಗಿರುತ್ತವೆಯೆಂದು ಎಲ್ಲ ಪ್ರವಾಸಿ ಕೈಪಿಡಿಗಳೂ ಹೇಳುತ್ತವೆ, ಅದು ನಿಜವೂ ಹೌದು. ಆದರೆ ಕಲೆಗಾಗಿಯೇ ಹೋಗುವವರು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನ ಮೊದಲ ವಾರಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪ್ರಧಾನ ಚರ್ಚಿನ ನೆಲದಲ್ಲಿ ಅಮೃತಶಿಲೆಯನ್ನು ಕೊರೆದು, ಕೂಡಿಸಿ ರಚಿಸಿದ 56 ಚಿತ್ರಫಲಕಗಳಿವೆ. ಜನರ ಕಾಲ್ತುಳಿತದಿಂದ ಅವು ಸವೆಯಬಾರದೆಂದು ವರ್ಷದ ಹೆಚ್ಚಿನ ಕಾಲ ಬಹುಭಾಗವನ್ನು ಮುಚ್ಚಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಕೆಲವು ವಾರ, ಅನಂತರ ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಮಾತ್ರ ಇಡೀ ನೆಲ ತೆರೆದಿರುತ್ತದೆ. ಆಯಾ ವರ್ಷದ ದಿನಾಂಕಗಳನ್ನು ಚರ್ಚಿನ ಆಡಳಿತ ಮೊದಲೇ ಪ್ರಕಟಿಸುತ್ತದೆ. ಅದನ್ನು ನೋಡಿಕೊಂಡೇ ವಿಮಾನದ ಟಿಕೆಟ್ ಕೊಳ್ಳಬೇಕು.

ಪ್ರತಿವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ಪಾಲಿಯೊ ಎಂಬ ಕುದುರೆ ಓಟ ನಡೆಯುತ್ತದೆ. ಆ ದಿನಗಳಲ್ಲಿ ವಸತಿಯ ದರ ಮುಗಿಲು ಮುಟ್ಟುತ್ತದೆ, ಕೆಲವು ಜಾಗಗಳ ಸಮಯವೂ ಬದಲಾಗುತ್ತದೆ. ಓಟದ ಸಲುವಾಗಿಯೇ ಹೋಗುವವರ ಮಾತು ಬೇರೆ. ಚಿತ್ರ ಮತ್ತು ಕಟ್ಟಡಗಳನ್ನು ನಿಧಾನವಾಗಿ ನೋಡಬೇಕೆನ್ನುವವರು ಆ ವಾರಗಳನ್ನು ಬಿಡುವುದು ಲೇಸು. ಚಳಿಗಾಲದಲ್ಲಿ ಜನ ಕಡಿಮೆ, ದರ ಕಡಿಮೆ, ಆದರೆ ಹಗಲೂ ಗಿಡ್ಡ.

ವೀಸಾ ವಿಷಯವನ್ನು ಚುಟುಕಾಗಿ ಹೇಳುವುದಾದರೆ, ಬೇಕಾದದ್ದು ಶೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತಡವೆಂದರೆ ಹದಿನೈದು ದಿನ ಮುಂಚೆ ಹಾಕಿರಬೇಕು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆ ರಜೆಯ ಮುಂಚೆ ಅರ್ಜಿ ಸಲ್ಲಿಸುವ ದಿನಾಂಕ ಸಿಗುವುದೇ ಕಷ್ಟವಾದ್ದರಿಂದ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸಬೇಕು.

ಊರನ್ನು ತಲುಪುವುದು ಮತ್ತು ಉಳಿದುಕೊಳ್ಳುವುದು

ಸಿಯೆನಾದಲ್ಲಿ ದೊಡ್ಡ ವಿಮಾನ ನಿಲ್ದಾಣವಿಲ್ಲ. ರೋಮ್, ಫ್ಲಾರೆನ್ಸ್ ಅಥವಾ ಪೀಸಾದಲ್ಲಿ ಇಳಿದು ನೆಲದ ದಾರಿಯಲ್ಲಿ ಬರಬೇಕು. ಫ್ಲಾರೆನ್ಸ್‌ನಿಂದ ರೈಲೂ ಇದೆ, ಬಸ್ಸೂ ಇದೆ. ಯುರೋಪಿನಲ್ಲಿ ರೈಲೇ ಮೇಲು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದ್ದರೂ ಈ ದಾರಿಯಲ್ಲಿ ಮಾತ್ರ ಬಸ್ಸಿನ ಕಡೆಗೇ ತೂಕ ಹೆಚ್ಚು. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಪಕ್ಕದ ಬಸ್ ನಿಲ್ದಾಣದಿಂದ ಹೊರಡುವ ವೇಗದ ಬಸ್ಸು ಸುಮಾರು ಒಂದೂಕಾಲು ಗಂಟೆಯಲ್ಲಿ ಸಿಯೆನಾದ ಹಳೆಯ ಊರಿನ ಅಂಚಿಗೇ ತಂದು ಬಿಡುತ್ತದೆ. ರೈಲು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ, ಕೆಲವು ರೈಲುಗಳಲ್ಲಿ ಎಂಪೊಲಿಯಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕಾಗುತ್ತದೆ. ಮೇಲಾಗಿ ಸಿಯೆನಾದ ರೈಲು ನಿಲ್ದಾಣ ಇರುವುದು ಬೆಟ್ಟದ ಬುಡದಲ್ಲಿ. ರೈಲಿನಲ್ಲೇ ಬರುವವರು ನಿಲ್ದಾಣದ ಎದುರಿನ ವಾಣಿಜ್ಯ ಸಂಕೀರ್ಣದೊಳಗಿನ ಎಸ್ಕಲೇಟರ್‌ಗಳ ಸಾಲನ್ನು ಹಿಡಿದು ಮೇಲೆ ಬಂದರೆ, ಕಮೊಲ್ಲಿಯಾ ಎಂಬ ಉತ್ತರ ದ್ವಾರದ ಹತ್ತಿರ ಹೊರಬೀಳುತ್ತಾರೆ. ಅಲ್ಲಿಂದ ಊರಿನ ನಡುವಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷಗಳ ನೇರ ನಡಿಗೆ. ಇಟಲಿಯ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟನ್ನು ಹತ್ತುವ ಮುನ್ನ ಪ್ಲಾಟ್‌ಫಾರ್ಮಿನಲ್ಲಿರುವ ಯಂತ್ರದಲ್ಲಿ ಮುದ್ರೆ ಹೊಡೆಸಿಕೊಳ್ಳಬೇಕೆಂಬುದನ್ನು ಮರೆಯಬಾರದು. ಮರೆತರೆ ಟಿಕೆಟ್ ಇದ್ದೂ ದಂಡ.

ಬಾಡಿಗೆ ಕಾರಿನಲ್ಲಿ ಬರುವವರು ಅದನ್ನು ಕೋಟೆಗೋಡೆಯ ಹೊರಗಿನ ನಿಲುಗಡೆಯಲ್ಲೇ ಬಿಡಬೇಕು. 1960ರ ದಶಕದಲ್ಲಿಯೇ ಸಿಯೆನಾ ತನ್ನ ಹಳೆಯ ಊರಿಗೆ ವಾಹನಗಳನ್ನು ನಿರ್ಬಂಧಿಸಿತು. ಇಂದಿಗೂ ಅಪ್ಪಣೆಯಿಲ್ಲದ ಕಾರು ಒಳಹೊಕ್ಕರೆ ಕ್ಯಾಮೆರಾ ಸಂಖ್ಯೆಯನ್ನು ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರವೂ ಮನೆ ಹುಡುಕಿಕೊಂಡು ಬರುತ್ತದೆ.

ವಸತಿಯನ್ನು ಕೋಟೆಯ ಒಳಗೇ ಹಿಡಿಯಿರಿ. ಹೊರಗಿನ ತೋಟದ ಮನೆಗಳು ಸುಂದರವಾಗಿರುತ್ತವೆ ನಿಜ. ಆದರೆ ಹಗಲಿನ ಪ್ರವಾಸಿಗರೆಲ್ಲ ಬಸ್ಸು ಹತ್ತಿ ಹೋದ ಮೇಲೆ ಬೀದಿಗಳು ಊರಿನವರಿಗೆ ಮರಳುತ್ತವೆ. ಎರಡು ರಾತ್ರಿ ಉಳಿಯುವ ಲಾಭ ಇರುವುದೇ ಆ ಹೊತ್ತಿನಲ್ಲಿ. ಊರು ಮೂರು ಏಣುಗಳ ಮೇಲೆ ಹರಡಿಕೊಂಡಿರುವುದರಿಂದ ಎಲ್ಲಿ ಹೋದರೂ ಹತ್ತುವುದು ಇಳಿಯುವುದು ತಪ್ಪದು. ದೊಡ್ಡ ಚಕ್ರದ ಸೂಟ್‌ಕೇಸನ್ನು ಕಲ್ಲುಹಾಸಿನ ಏರಿನಲ್ಲಿ ಎಳೆಯುವುದು ಪ್ರಯಾಸದ ಕೆಲಸ. ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಹೋಗುವವರು, ಕೋಣೆ ಎಷ್ಟನೆಯ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು, ಏಕೆಂದರೆ ಮಧ್ಯಯುಗದ ಮನೆಗಳಲ್ಲಿ ಲಿಫ್ಟ್ ಇರಲೇಬೇಕೆಂದಿಲ್ಲ. ಸಾಂತಾ ಕಾತೆರೀನಾ ಮತ್ತು ಸಾನ್ ಫ್ರಾಂಚೆಸ್ಕೊ ಎಂಬ ಎರಡು ಕಡೆ ಕಣಿವೆಯಿಂದ ಮೇಲಕ್ಕೆ ಸಾರ್ವಜನಿಕ ಎಸ್ಕಲೇಟರ್‌ಗಳಿವೆ. ಮಂಡಿನೋವಿನವರಿಗೆ ಅವು ದೊಡ್ಡ ಉಪಕಾರ.

ಬಂದ ದಿನದ ಸಂಜೆ: ಚೌಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ

ಸಾಮಾನು ಇಳಿಸಿ ಮೊದಲು ಹೋಗಬೇಕಾದದ್ದು ಪಿಯಾಝಾ ದೆಲ್ ಕಾಂಪೊಗೆ. ಊರಿನವರು ಬರೀ ಕಾಂಪೊ ಎನ್ನುತ್ತಾರೆ. ಚೌಕ ಎಂದು ಕರೆದರೂ ಇದು ಚೌಕಾಕಾರದ್ದಲ್ಲ, ಚಿಪ್ಪಿನ ಹಾಗೆ ಅಗಲವಾಗಿ ತೆರೆದುಕೊಂಡು ಕೆಳಗಿನ ಸರ್ಕಾರಿ ಭವನದ ಕಡೆಗೆ ಇಳಿಜಾರಾಗಿದೆ. ಇಟ್ಟಿಗೆಯ ಹಾಸಿನ ನಡುವೆ ಬಿಳಿಗಲ್ಲಿನ ಪಟ್ಟಿಗಳು ಅದನ್ನು ಒಂಬತ್ತು ಭಾಗಗಳಾಗಿ ವಿಂಗಡಿಸುತ್ತವೆ. ಒಂಬತ್ತಕ್ಕೆ ಕಾರಣವಿದೆ. 1287ರಿಂದ 1355ರವರೆಗೆ ಸಿಯೆನಾವನ್ನು ಆಳಿದ್ದು ಒಂಬತ್ತು ಮಂದಿಯ ಒಂದು ಮಂಡಳಿ. ಅದರಲ್ಲಿ ಇರುತ್ತಿದ್ದವರು ಬಹುತೇಕ ವ್ಯಾಪಾರಿಗಳು ಮತ್ತು ಲೇವಾದೇವಿಯವರು, ಪ್ರತಿ ಎರಡು ತಿಂಗಳಿಗೆ ಸದಸ್ಯರು ಬದಲಾಗುತ್ತಿದ್ದರು. ನಾಳೆ ನೋಡಲಿರುವ ಚಿತ್ರಗಳನ್ನು ಬರೆಸಿದವರೂ, ಈ ನೆಲವನ್ನು ಹಾಸಿಸಿದವರೂ, ಸುತ್ತಲಿನ ಮನೆಗಳ ಕಿಟಕಿಗಳು ಸರ್ಕಾರಿ ಭವನದ ಕಿಟಕಿಗಳನ್ನೇ ಹೋಲಬೇಕೆಂದು ಕಟ್ಟಳೆ ಮಾಡಿದವರೂ ಇವರ ಕಾಲದ ಆಡಳಿತಗಾರರೇ.

ಚೌಕದ ಮೇಲಂಚಿನಲ್ಲಿ ಫೋಂತೆ ಗಾಯಾ ಎಂಬ ಕಾರಂಜಿಯಿದೆ. ಯಾಕೊಪೊ ದೆಲ್ಲಾ ಕ್ವೆರ್ಚಾ 15ನೆಯ ಶತಮಾನದ ಆರಂಭದಲ್ಲಿ ಕೆತ್ತಿದ ಶಿಲ್ಪಗಳು ಸವೆದುಹೋದದ್ದರಿಂದ ಈಗಿರುವುದು 19ನೆಯ ಶತಮಾನದ ನಕಲು. ಮೂಲವನ್ನು ಮೂರನೆಯ ದಿನ ಬೇರೆಡೆ ನೋಡಲಿದ್ದೀರಿ. ಚೌಕದ ಸುತ್ತಲಿನ ಹೋಟೆಲುಗಳಲ್ಲಿ ಕಾಫಿಗೆ ಕೊಡುವ ಹಣ ಕಾಫಿಗಿಂತ ಹೆಚ್ಚಾಗಿ ಕುರ್ಚಿಗೆ ಸಲ್ಲುತ್ತದೆ. ನೆಲದ ಮೇಲೆಯೇ ಕುಳಿತರೆ ಯಾರೂ ಏನೂ ಅನ್ನುವುದಿಲ್ಲ, ಊರಿನ ಹುಡುಗರೂ ಹಾಗೇ ಕುಳಿತಿರುತ್ತಾರೆ.

ಎರಡನೆಯ ದಿನ ಬೆಳಿಗ್ಗೆ: ಒಂದು ಕೊಠಡಿಗೆ ಒಂದು ಗಂಟೆ

ಮೊದಲ ಪೂರ್ಣ ದಿನದ ಬೆಳಗನ್ನು ಪಲಾಝೊ ಪುಬ್ಲಿಕೊಗೆ ಮೀಸಲಿಡಿ. 1297ರಲ್ಲಿ ಕಟ್ಟಲಾರಂಭಿಸಿದ ಈ ಭವನದ ನೆಲಮಹಡಿಯಲ್ಲಿ ಇಂದಿಗೂ ನಗರಾಡಳಿತ ನಡೆಯುತ್ತದೆ, ಮೇಲಿನ ಮಹಡಿ ವಸ್ತುಸಂಗ್ರಹಾಲಯ. ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಭವನಕ್ಕೆ ಅಂಟಿಕೊಂಡ ತೊರ್ರೆ ದೆಲ್ ಮಾಂಜಾ ಎಂಬ ಗೋಪುರವನ್ನು ಹತ್ತುವ ಇರಾದೆಯಿದ್ದರೆ ಅದರ ಟಿಕೆಟ್ಟನ್ನು ಮೊದಲು ಕೊಂಡು, ಸಮಯವನ್ನು ಗೊತ್ತುಮಾಡಿಕೊಳ್ಳಿ, ಏಕೆಂದರೆ ಒಮ್ಮೆಗೆ ಕೆಲವೇ ಜನರನ್ನು ಬಿಡುತ್ತಾರೆ, ಮಳೆ ಬಂದರೆ ಮುಚ್ಚುತ್ತಾರೆ. ಸುಮಾರು 400 ಮೆಟ್ಟಿಲುಗಳು, ದಾರಿ ಇಕ್ಕಟ್ಟು. ಹತ್ತಲಾಗದವರು ಕೊರಗಬೇಕಿಲ್ಲ, ಇದಕ್ಕಿಂತ ಅರ್ಥಪೂರ್ಣವಾದ ನೋಟ ಕೊನೆಯ ದಿನ ಇನ್ನೊಂದು ಕಡೆ ಸಿಗಲಿದೆ.

ಮೊದಲು ಸಿಗುವ ದೊಡ್ಡ ಸಭಾಂಗಣದಲ್ಲಿ ಸಿಮೊನೆ ಮಾರ್ತಿನಿ 1315ರಲ್ಲಿ ಬರೆದ ಮಾಯೆಸ್ತಾ ಗೋಡೆ ತುಂಬ ಹರಡಿದೆ: ಸಿಂಹಾಸನದಲ್ಲಿ ಮರಿಯಮ್ಮ, ಮಡಿಲಲ್ಲಿ ಶಿಶು ಯೇಸು, ಮೇಲೆ ರೇಷ್ಮೆಯ ಮೇಲ್ಕಟ್ಟು, ಸುತ್ತ ಸಂತರು. ಸರ್ಕಾರದ ಸಭೆ ಸೇರುವ ಜಾಗದಲ್ಲಿ ದೇವಮಾತೆಯ ಚಿತ್ರ ಏಕೆ ಎಂದರೆ, 1260ರಲ್ಲಿ ಮೊಂತಾಪೆರ್ತಿ ಎಂಬಲ್ಲಿ ಫ್ಲಾರೆನ್ಸ್‌ನ ಎದುರು ನಡೆದ ಯುದ್ಧದ ಮುನ್ನಾದಿನಗಳಲ್ಲಿ ಸಿಯೆನಾದ ಜನ ತಮ್ಮ ನಗರವನ್ನೇ ಮರಿಯಮ್ಮನಿಗೆ ಒಪ್ಪಿಸಿದ್ದರು. ಯುದ್ಧದಲ್ಲಿ ಗೆದ್ದರು. ಅಂದಿನಿಂದ ಆಕೆ ಈ ಊರಿನ ಒಡತಿ. ಸಭೆಯ ತೀರ್ಮಾನಗಳೆಲ್ಲ ಆಕೆಯ ಕಣ್ಣೆದುರಿನಲ್ಲೇ ಆಗಬೇಕು. ಎದುರು ಗೋಡೆಯಲ್ಲಿ ಕುದುರೆಯೇರಿ ಒಬ್ಬನೇ ಸಾಗುತ್ತಿರುವ ಸೇನಾಪತಿ ಗ್ವಿದೊರಿಚ್ಚೊನ ಚಿತ್ರವಿದೆ. ಅದು ನಿಜಕ್ಕೂ ಮಾರ್ತಿನಿಯದೇ ಎಂಬ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಪಕ್ಕದ ಕೊಠಡಿಯೇ ಒಂಬತ್ತು ಮಂದಿ ಕುಳಿತು ಆಡಳಿತ ನಡೆಸುತ್ತಿದ್ದ ಜಾಗ. 1338–39ರಲ್ಲಿ ಆಂಬ್ರೋಜೊ ಲೊರೆಂಜೆಟ್ಟಿ ಇದರ ಮೂರು ಗೋಡೆಗಳ ಮೇಲೆ ಒಳ್ಳೆಯ ಆಡಳಿತ, ಕೆಟ್ಟ ಆಡಳಿತ ಮತ್ತು ಅವುಗಳ ಫಲಗಳನ್ನು ಬರೆದ. ಸಿಯೆನಾದಲ್ಲಿ ಒಂದೇ ಒಂದು ಕೊಠಡಿಯನ್ನು ನೋಡಲು ಸಮಯವಿದ್ದರೆ ಇದನ್ನೇ ನೋಡಬೇಕು. ಧಾರ್ಮಿಕ ಚಿತ್ರಗಳೇ ತುಂಬಿದ್ದ ಕಾಲದಲ್ಲಿ ಇಷ್ಟು ದೊಡ್ಡದಾಗಿ ರಾಜಕೀಯವನ್ನೇ ವಸ್ತುವಾಗಿಟ್ಟುಕೊಂಡ ಭಿತ್ತಿಚಿತ್ರ ಬಹಳ ಅಪರೂಪ. ಚಿತ್ರಗಳ ಸಂರಕ್ಷಣೆಯ ಕೆಲಸ ಆಗಾಗ ನಡೆಯುವುದರಿಂದ ಕೊಠಡಿ ಪೂರ್ತಿ ತೆರೆದಿದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ.

ನೋಡುವ ಕ್ರಮ ಹೀಗಿರಲಿ. ಮೊದಲು ಕಿಟಕಿಯ ಎದುರಿನ ಗೋಡೆ. ಎಡಭಾಗದಲ್ಲಿ ನ್ಯಾಯದೇವತೆ ಕುಳಿತಿದ್ದಾಳೆ. ಅವಳ ತಕ್ಕಡಿಯ ಎರಡು ತಟ್ಟೆಗಳಿಂದ ಇಳಿದ ಹಗ್ಗಗಳನ್ನು ಕೆಳಗೆ ಕುಳಿತ ಒಮ್ಮತವೆಂಬ ಹೆಂಗಸು ಹಿಡಿದಿದ್ದಾಳೆ; ಅವಳ ಮಡಿಲಲ್ಲಿರುವುದು ಬಡಗಿಯ ಉಜ್ಜುಗೊರಡು, ಅಂದರೆ ಏರುತಗ್ಗುಗಳನ್ನು ತರಿದು ಸಮ ಮಾಡುವ ಸಾಧನ. ಅವಳಿಂದ ಹಗ್ಗ 24 ಮಂದಿ ನಾಗರಿಕರ ಕೈಯಿಂದ ಕೈಗೆ ಸಾಗಿ ಕೊನೆಗೆ ಕಪ್ಪುಬಿಳುಪಿನ ಉಡುಪಿನ ಮುದುಕನನ್ನು ಸೇರುತ್ತದೆ. ಕಪ್ಪುಬಿಳುಪು ಸಿಯೆನಾದ ಲಾಂಛನದ ಬಣ್ಣ, ಆ ಮುದುಕನೇ ನಗರ. ಅವನ ಸಾಲಿನಲ್ಲಿ ಕುಳಿತ ಸದ್ಗುಣಗಳ ನಡುವೆ ಶಾಂತಿ ಮಾತ್ರ ಬಿಳಿಯ ಉಡುಗೆಯಲ್ಲಿ, ಯುದ್ಧಕವಚಗಳ ರಾಶಿಗೆ ಒರಗಿಕೊಂಡು ಆರಾಮವಾಗಿದ್ದಾಳೆ.

ಆಮೇಲೆ ಬಲಕ್ಕೆ ತಿರುಗಿ. ಅಲ್ಲಿ ಒಳ್ಳೆಯ ಆಡಳಿತವಿರುವ ನಗರ: ಅಟ್ಟಣಿಗೆ ಹತ್ತಿ ಮನೆ ಕಟ್ಟುವ ಗಾರೆಯವರು, ಚಪ್ಪಲಿ ಅಂಗಡಿ, ಪಾಠ ಹೇಳುವ ಮೇಷ್ಟ್ರು, ಬೀದಿಯಲ್ಲಿ ಕೈಹಿಡಿದು ಕುಣಿಯುವ ಗುಂಪು, ಎಡಮೂಲೆಯಲ್ಲಿ ಇಣುಕುವ ಚರ್ಚಿನ ಪಟ್ಟೆಪಟ್ಟೆ ಗೋಪುರ. ಕೋಟೆಬಾಗಿಲಿನ ಆಚೆಗೆ ಹೊಲಗಳು, ಒಕ್ಕಣೆ, ಕತ್ತೆಯ ಮೇಲೆ ಸರಕು ಹೇರಿ ಪೇಟೆಗೆ ಬರುವ ರೈತರು, ಅವರು ಅಟ್ಟಿಕೊಂಡು ಬರುವ, ಕಪ್ಪು ಮೈಗೆ ಬಿಳಿಯ ಪಟ್ಟಿಯಿರುವ ಒಂದು ಹಂದಿ. ಈ ತಳಿಯ ಹಂದಿಗಳು ಇಂದಿಗೂ ಈ ಸೀಮೆಯಲ್ಲಿವೆ. ಇಷ್ಟೆಲ್ಲ ನೆಮ್ಮದಿಯ ಮೇಲೆ ಹಾರುತ್ತಿರುವ ಭದ್ರತೆಯ ದೇವತೆಯ ಕೈಯಲ್ಲಿ ಮಾತ್ರ ನೇಣುಗಂಬವಿದೆ, ಅದಕ್ಕೊಂದು ಹೆಣ ತೂಗಾಡುತ್ತಿದೆ. ಲೊರೆಂಜೆಟ್ಟಿ ಭೋಳೆಯಲ್ಲ. ಎದುರಿನ ಗೋಡೆಯಲ್ಲಿ ಕೊಂಬು, ಕೋರೆಹಲ್ಲುಗಳ ಸರ್ವಾಧಿಕಾರಿ. ಅವನ ಕಾಲಬುಡದಲ್ಲಿ ಕಟ್ಟಿಹಾಕಿದ ನ್ಯಾಯದೇವತೆ. ಆ ಊರಿನಲ್ಲಿ ಕೆಲಸ ನಡೆಯುತ್ತಿರುವುದು ಆಯುಧ ಮಾಡುವವನ ಅಂಗಡಿಯಲ್ಲಿ ಮಾತ್ರ. ಈ ಗೋಡೆ ಬಹಳ ಹಾಳಾಗಿದೆ.

ಕೊಠಡಿಯಿಂದ ಹೊರಬಂದ ಮೇಲೆ ಭವನದ ಹಿಂಬದಿಯ ತೆರೆದ ಮೊಗಸಾಲೆಗೆ ಹತ್ತಿ ದಕ್ಷಿಣಕ್ಕೆ ನೋಡಿ. ಕೋಟೆಗೋಡೆಯೊಳಕ್ಕೇ ನುಗ್ಗಿಬಂದ ಹಸಿರು ಕಣಿವೆ, ಅದರಾಚೆ ಅಲೆಯಲೆಯಾದ ಗುಡ್ಡಗಳು. ಈಗಷ್ಟೇ ಗೋಡೆಯ ಮೇಲೆ ಕಂಡ ಹೊಲಗಳು ಎಲ್ಲಿಂದ ಬಂದವೆಂದು ಅಲ್ಲಿ ತಾನಾಗಿ ತಿಳಿಯುತ್ತದೆ. ಲೊರೆಂಜೆಟ್ಟಿಯೂ 1348ರಲ್ಲಿ ತೀರಿಕೊಂಡ, ಪ್ಲೇಗ್‌ನಿಂದಲೇ ಇರಬೇಕೆಂದು ನಂಬಲಾಗಿದೆ.

ಊಟದ ವಿಚಾರ

ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆಯಿಂದ ಎರಡೂವರೆಯ ಒಳಗೆ ಹೋಗಬೇಕು. ಆಮೇಲೆ ಅಡುಗೆಮನೆಗಳು ಮುಚ್ಚಿ, ಸಂಜೆ ಏಳೂವರೆಯ ಹೊತ್ತಿಗೆ ಮತ್ತೆ ತೆರೆಯುತ್ತವೆ. ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗಿಷ್ಟು ಸೇರಿಸುವುದು ಮೋಸವಲ್ಲ, ಅದು ಮೇಜು ಮತ್ತು ಬ್ರೆಡ್ಡಿನ ಬಾಬ್ತು. ಆ ಬ್ರೆಡ್ಡಿನಲ್ಲಿ ಉಪ್ಪಿರುವುದಿಲ್ಲ. ತಸ್ಕನಿ ಪ್ರಾಂತ್ಯದ ಬ್ರೆಡ್ ಹಾಗೆಯೇ. ಉಪ್ಪಾದ ಚೀಸ್, ಗಟ್ಟಿ ರುಚಿಯ ಸಾರುಗಳ ಜೊತೆ ತಿನ್ನಲು ಮಾಡಿದ್ದು, ಬರಿದೇ ತಿಂದರೆ ಸಪ್ಪೆ.

ಈ ಊರಿನ ಮುಖ್ಯ ತಿನಿಸು ಪೀಚಿ. ಗೋಧಿಹಿಟ್ಟು ಮತ್ತು ನೀರನ್ನು ಕಲಸಿ, ಅಂಗೈಯಲ್ಲಿ ಒಂದೊಂದಾಗಿ ಹೊಸೆದು ಮಾಡುವ ದಪ್ಪನೆಯ ಶಾವಿಗೆಯಂಥ ಪಾಸ್ತಾ ಇದು. ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ, ಆದರೂ ಕೇಳಿಕೊಳ್ಳುವುದು ಒಳ್ಳೆಯದು. ಸಸ್ಯಾಹಾರಿಗಳು ಮೂರು ಬಗೆಯನ್ನು ಧೈರ್ಯವಾಗಿ ಹೇಳಬಹುದು. ಆಲಿಯೊನೆ ಎಂಬುದು ಹತ್ತಿರದ ಕಿಯಾನಾ ಕಣಿವೆಯಲ್ಲಿ ಬೆಳೆಯುವ, ಘಾಟು ಕಡಿಮೆಯ ದೈತ್ಯ ಬೆಳ್ಳುಳ್ಳಿ. ಅದನ್ನು ಟೊಮೇಟೊ ಜೊತೆ ನಿಧಾನವಾಗಿ ಬೇಯಿಸಿದ ಸಾಸಿನೊಂದಿಗೆ ಬರುವ ಪೀಚಿಯೇ ಮೂರರಲ್ಲಿ ಮೇಲು. ಎರಡನೆಯದು ಎಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿ ಉದುರಿಸಿದ್ದು, ಬ್ರಿಚೊಲೆ ಎಂದು ಕೇಳಬೇಕು; ಕೆಲವರು ಇದಕ್ಕೆ ಆಂಚೊವಿ ಮೀನು ಸೇರಿಸುವುದುಂಟು, ವಿಚಾರಿಸಿ. ಮೂರನೆಯದು ಚೀಸ್ ಮತ್ತು ಕಾಳುಮೆಣಸಿನ ಕಾಚೊ ಎ ಪೆಪೆ. ರಾಗೂ ಎಂದು ಬರೆದಿದ್ದರೆ ಅದು ಮಾಂಸದ ಸಾಸು. ನಮ್ಮ ರಾಗಿ ಎಂದು ಓದಿಕೊಂಡು ಹಿಗ್ಗಬೇಡಿ.

ಚಳಿಯ ದಿನಗಳಲ್ಲಿ ರಿಬೊಲ್ಲಿತಾ ಸಿಗುತ್ತದೆ: ಬಿಳಿ ಅವರೆಯಂಥ ಬೀನ್ಸ್ ಕಾಳು, ಕಡುಹಸಿರು ಕೇಲ್ ಸೊಪ್ಪು, ತರಕಾರಿ, ಹಳೆಯ ಬ್ರೆಡ್ ಎಲ್ಲವನ್ನೂ ಬೇಯಿಸಿ, ಮಾರನೆಯ ದಿನ ಮತ್ತೆ ಕುದಿಸಿ ಬಡಿಸುವ ಗಟ್ಟಿ ಸಾರು. ಬೇಸಿಗೆಯಲ್ಲಿ ಅದರ ಬದಲು ಪಂಝಾನೆಲ್ಲಾ, ಅಂದರೆ ನೆನೆಸಿ ಹಿಂಡಿದ ಬ್ರೆಡ್, ಟೊಮೇಟೊ, ಈರುಳ್ಳಿ, ಸೌತೆಕಾಯಿಗಳ ತಣ್ಣನೆಯ ಕೋಸಂಬರಿ. ರಿಬೊಲ್ಲಿತಾಕ್ಕೆ ಮಾಂಸದ ನೀರು ಹಾಕಿದ್ದಾರೆಯೇ ಎಂದು ಕೇಳಲು "ಚೆ ಬ್ರೋದೊ ದಿ ಕಾರ್ನೆ?" ಎಂದರೆ ಸಾಕು. ಗಂಡಸರು "ಸೋನೊ ವೆಜೆತರಿಯಾನೊ" ಎಂದೂ, ಹೆಂಗಸರು "ಸೋನೊ ವೆಜೆತರಿಯಾನಾ" ಎಂದೂ ಹೇಳಿದರೆ ಬಡಿಸುವವರಿಗೆ ಸ್ಪಷ್ಟವಾಗುತ್ತದೆ. ಕ್ರೊಸ್ತೀನಿ ಎಂದು ಬರುವ ಬ್ರೆಡ್ ತುಂಡುಗಳ ಮೇಲೆ ಸವರಿದ ಕಂದು ಮುದ್ದೆ ಕೋಳಿಯ ಯಕೃತ್ತಿನದು, ಬೇಡದವರು ಎಚ್ಚರದಿಂದಿರಬೇಕು, ತಿನ್ನುವವರು ಬಿಡಬಾರದು. ಮಾಂಸಾಹಾರಿಗಳಿಗೆ ಲೊರೆಂಜೆಟ್ಟಿಯ ಚಿತ್ರದ ಅದೇ ಪಟ್ಟಿ ಹಂದಿಯ, ಅಂದರೆ ಚಿಂತಾ ಸೆನೆಸೆ ತಳಿಯ ಮಾಂಸದ ಖಾದ್ಯಗಳು ಎಲ್ಲೆಡೆ ಸಿಗುತ್ತವೆ.

ಕುರಿಯ ಹಾಲಿನ ಪೆಕೊರಿನೊ ಚೀಸ್ ಈ ಸೀಮೆಯ ಹೆಮ್ಮೆ. ಹಾಲನ್ನು ಒಡೆಸಲು ಸಾಮಾನ್ಯವಾಗಿ ಎಳೆಗರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಇದನ್ನು ತಿಳಿದೇ ತೀರ್ಮಾನಿಸಬೇಕು. ಅಂಥವರಿಗೆ ಕಾಚೊ ಎ ಪೆಪೆ ಕೂಡ ಬಿಟ್ಟುಹೋಗುತ್ತದೆ.

ಎರಡನೆಯ ದಿನದ ಮಧ್ಯಾಹ್ನ: ನೀರು ಮತ್ತು ಕೇರಿಗಳು

ಊಟವಾದ ಮೇಲೆ ಯಾವ ಟಿಕೆಟ್ಟೂ ಬೇಡದ ಕೆಲಸ. ಸಿಯೆನಾಕ್ಕೆ ನದಿಯಿಲ್ಲ. ಬೆಟ್ಟದ ಮೇಲಿನ ಇಷ್ಟು ದೊಡ್ಡ ಊರಿಗೆ ನೀರುಣಿಸಲು ಮಧ್ಯಯುಗದವರು ನೆಲದಡಿಯಲ್ಲಿ ಸುಮಾರು 25 ಕಿಲೋಮೀಟರ್ ಉದ್ದದ ಸುರಂಗ ಕಾಲುವೆಗಳನ್ನು ಕೊರೆದರು. ಅವುಗಳಿಗೆ ಬೊತ್ತೀನಿ ಎಂದು ಹೆಸರು. ಕಾಂಪೊದ ಕಾರಂಜಿಗೂ ನೀರು ಬಂದದ್ದು ಹೀಗೆಯೇ. ಇದರ ವೈಭವವನ್ನು ಕಾಣಲು ಕೆಳಗಿನ ಫೋಂತೆಬ್ರಾಂದಾಕ್ಕೆ ಇಳಿಯಿರಿ. ಮೂರು ಚೂಪುಕಮಾನುಗಳ ಹಿಂದೆ ಕೋಟೆಯಂತೆ ಕಟ್ಟಿದ ಕೊಳ ಅದು. ಕುಡಿಯಲು, ದನಗಳಿಗೆ, ತೊಳೆಯಲು ಹೀಗೆ ನೀರನ್ನು ಒಂದಾದ ಮೇಲೊಂದು ತೊಟ್ಟಿಗೆ ಹರಿಸುತ್ತಿದ್ದರು. ಈ ನೀರನ್ನೇ ನೆಚ್ಚಿ ಬಣ್ಣಗಾರರೂ ಚರ್ಮ ಹದಮಾಡುವವರೂ ಇದೇ ಇಳಿಜಾರಿನಲ್ಲಿ ನೆಲೆಸಿದ್ದರು. ಅಂಥ ಒಬ್ಬ ಬಣ್ಣಗಾರನ ಮನೆಯಲ್ಲಿ 1347ರಲ್ಲಿ ಹುಟ್ಟಿದವಳು ಕ್ಯಾಥರೀನ್, ಮುಂದೆ ಪೋಪರಿಗೇ ಬುದ್ಧಿ ಹೇಳಿ ಪತ್ರ ಬರೆದ ಸಂತಳು. ಅವಳ ಮನೆ ಈಗ ಪೂಜಾಸ್ಥಳ. ಮೇಲಿನ ಸಾನ್ ದೊಮೆನಿಕೊ ಚರ್ಚಿನಲ್ಲಿ ಅವಳ ಶಿರಸ್ಸನ್ನು ಇಂದಿಗೂ ಕಾಪಿಟ್ಟಿದ್ದಾರೆ. ಅಳುಕುವ ಮಕ್ಕಳಿದ್ದರೆ ಮೊದಲೇ ಹೇಳಿಡಿ.

ನಡೆಯುವಾಗ ಗೋಡೆಗಳ ಮೇಲೆ ಪ್ರಾಣಿಗಳ ಚಿಹ್ನೆಯ ಸಣ್ಣ ಫಲಕಗಳು ಕಾಣುತ್ತವೆ. ಊರು ಕೊಂತ್ರಾದಾ ಎಂಬ 17 ಕೇರಿಗಳಾಗಿ ಹಂಚಿಹೋಗಿದೆ, ಅವುಗಳ ಗಡಿ 1730ರ ಹೊತ್ತಿಗೆ ಗೊತ್ತುಪಡಿಸಿದ್ದು. ಪ್ರತಿ ಕೇರಿಗೂ ತನ್ನದೇ ಚರ್ಚು, ವಸ್ತುಸಂಗ್ರಹಾಲಯ, ಕಾರಂಜಿ ಇವೆ. ಮಗು ಹುಟ್ಟಿದರೆ ಆ ಕಾರಂಜಿಯಲ್ಲಿ ಕೇರಿಯ ದೀಕ್ಷೆ. ಫೋಂತೆಬ್ರಾಂದಾ ಸುತ್ತ ಹೆಬ್ಬಾತಿನ ಕೇರಿ, ಪ್ರಧಾನ ಚರ್ಚಿನ ಹಿಂದೆ ಖಡ್ಗಮೃಗದ ಕೇರಿ, ಕಾಂಪೊದ ಪೂರ್ವಕ್ಕೆ ಸಲಿಕೊತ್ತೊ ಬೀದಿಯಲ್ಲಿ ಗೋಪುರದ ಕೇರಿ. ಈ ಕೊನೆಯದರ ಲಾಂಛನ ಬೆನ್ನ ಮೇಲೆ ಗೋಪುರ ಹೊತ್ತ ಆನೆ; ಮೈಸೂರು ದಸರೆಯ ಅಂಬಾರಿಯನ್ನು ಕಂಡ ಕಣ್ಣಿಗೆ ಅದು ದೂರದ ನೆಂಟನಂತೆ ಕಂಡರೆ ಅಚ್ಚರಿಯಿಲ್ಲ. ಪಾಲಿಯೊ ಓಟ ಈ ಕೇರಿಗಳ ನಡುವಿನದು. ಒಮ್ಮೆಗೆ ಹತ್ತು ಕೇರಿಗಳು, ಜೀನಿಲ್ಲದ ಕುದುರೆಗಳು, ಕಾಂಪೊಗೆ ಮೂರು ಸುತ್ತು. ಒಂದೂವರೆ ನಿಮಿಷದೊಳಗೆ ಎಲ್ಲ ಮುಗಿದಿರುತ್ತದೆ. ಸವಾರ ಬಿದ್ದರೂ ಕುದುರೆ ಮೊದಲು ಮುಟ್ಟಿದರೆ ಗೆಲುವು ಗೆಲುವೇ. ಚೌಕದ ನಡುವೆ ನಿಂತು ನೋಡಲು ಹಣವಿಲ್ಲ, ಆದರೆ ಬಿಸಿಲಿನಲ್ಲಿ ಗಂಟೆಗಟ್ಟಲೆ, ಹೊರಗೆ ಹೋಗಲು ದಾರಿಯಿಲ್ಲದೆ ನಿಲ್ಲಬೇಕಾಗುತ್ತದೆ. ಹಿಂದಿನ ದಿನಗಳಲ್ಲಿ ನಡೆಯುವ ಅಭ್ಯಾಸದ ಓಟಗಳನ್ನು ನೋಡುವುದು ಕುಟುಂಬಸಮೇತ ಹೋದವರಿಗೆ ಜಾಣತನ.

ಮೂರನೆಯ ದಿನ: ಚರ್ಚು, ಆಸ್ಪತ್ರೆ, ಅಪೂರ್ಣ ಗೋಡೆ

ಪ್ರಧಾನ ಚರ್ಚು, ಅದರ ವಸ್ತುಸಂಗ್ರಹಾಲಯ, ಜ್ಞಾನಸ್ನಾನದ ಮಂದಿರ, ನೆಲಮಾಳಿಗೆ ಎಲ್ಲಕ್ಕೂ ಸೇರಿದ ಒಂದು ಒಟ್ಟು ಟಿಕೆಟ್ ಇದೆ, ಅದು ಮೂರು ದಿನ ನಡೆಯುತ್ತದೆ. ಅಂತರ್ಜಾಲದಲ್ಲಿ ಮುಂಚೆಯೇ ಕೊಂಡರೆ ಸಾಲು ತಪ್ಪುತ್ತದೆ. ಭಾನುವಾರ ಬೆಳಿಗ್ಗೆ ಆರಾಧನೆ ಇರುವುದರಿಂದ ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದ ಮೇಲೆಯೇ. ಭುಜ ಮತ್ತು ಮಂಡಿ ಮುಚ್ಚುವ ಉಡುಪಿರಬೇಕು. ಸೀರೆ, ಸಲ್ವಾರ್‌ಗಳಿಗೆ ತೊಂದರೆಯಿಲ್ಲ, ತೊಂದರೆಯಾಗುವುದು ಚಡ್ಡಿ ಹಾಕಿದ ಗಂಡಸರಿಗೆ.

ಒಳಗೆ ಕಾಲಿಟ್ಟಾಗ ಕಪ್ಪುಬಿಳಿ ಪಟ್ಟೆಗಳ ಕಂಬಗಳು ಕಣ್ಣನ್ನು ಮೇಲಕ್ಕೆ ಎಳೆಯುತ್ತವೆ, ಅಲ್ಲಿ ಪೋಪರ ಸುಮಾರು 170 ತಲೆಗಳು ಸಾಲಾಗಿ ಕೆಳಗೆ ನೋಡುತ್ತಿರುತ್ತವೆ. ನೆಲ ತೆರೆದಿರುವ ಕಾಲವಾದರೆ ಮೊದಲು ನೆಲವನ್ನೇ ನೋಡಿ. ಬಳಿಕ ನಿಕೊಲಾ ಪಿಸಾನೊ 1265–68ರಲ್ಲಿ ಕೆತ್ತಿದ ಪ್ರವಚನ ಪೀಠದ ಸುತ್ತ ಒಂದು ಪ್ರದಕ್ಷಿಣೆ. ಜನಜಂಗುಳಿಯ ಆ ಉಬ್ಬುಶಿಲ್ಪಗಳಲ್ಲಿ ರೋಮನ್ ಶವಪೆಟ್ಟಿಗೆಗಳ ಕೆತ್ತನೆಯನ್ನು ಅವನು ಎಷ್ಟು ಚೆನ್ನಾಗಿ ಅಭ್ಯಾಸ ಮಾಡಿದ್ದನೆಂಬುದು ಕಾಣುತ್ತದೆ. ಎಡಬದಿಯ ಬಾಗಿಲಿನಿಂದ ಪಿಕ್ಕೊಲೊಮಿನಿ ಗ್ರಂಥಾಲಯಕ್ಕೆ ಹೋಗಬೇಕು. ಪೋಪ್ ಎರಡನೆಯ ಪಿಯುಸ್‌ನ ಬದುಕನ್ನು ಪಿಂತುರಿಕ್ಕಿಯೊ 16ನೆಯ ಶತಮಾನದ ಮೊದಲ ದಶಕದಲ್ಲಿ ಹತ್ತು ದೃಶ್ಯಗಳಾಗಿ ಬರೆದಿದ್ದಾನೆ. ಬಣ್ಣಗಳು ನಿನ್ನೆ ಬಳಿದಂತಿವೆ. ಆದರೂ ಇದು ಹೊಗಳಿಕೆಯ ಚಿತ್ರಮಾಲೆ. ಲೊರೆಂಜೆಟ್ಟಿಯ ಕೊಠಡಿಯನ್ನು ಕಂಡುಬಂದವರಿಗೆ ಅಂದ ಹೆಚ್ಚು, ಅರ್ಥ ಕಡಿಮೆ ಎನಿಸಿದರೆ ತಪ್ಪಿಲ್ಲ. ಇವಲ್ಲದೆ ಮಿಕೆಲಾಂಜೆಲೊ ಯೌವನದಲ್ಲಿ ಕೆತ್ತಿದ ನಾಲ್ಕು ಸಣ್ಣ ವಿಗ್ರಹಗಳು, ದೊನಾತೆಲ್ಲೊನ ಕಂಚಿನ ಸ್ನಾನಿಕ ಯೋಹಾನ, ಬೆರ್ನೀನಿಯ ಎರಡು ಶಿಲ್ಪಗಳು ಇಲ್ಲಿವೆ. ಬೇರೆ ಊರಿನಲ್ಲಾಗಿದ್ದರೆ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಸಾಲು ನಿಲ್ಲುತ್ತಿತ್ತು.

ವಸ್ತುಸಂಗ್ರಹಾಲಯಕ್ಕೆ ಹೋಗುವ ಮುನ್ನ ಎದುರಿನ ಸಾಂತಾ ಮರಿಯಾ ದೆಲ್ಲಾ ಸ್ಕಾಲಾವನ್ನು ನೋಡಿಬನ್ನಿ. ರೋಮ್‌ಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ಯಾತ್ರಿಕರಿಗೂ ಅನಾಥ ಮಕ್ಕಳಿಗೂ ಆಸರೆಯಾಗಿದ್ದ, 20ನೆಯ ಶತಮಾನದ ಕೊನೆಯವರೆಗೂ ರೋಗಿಗಳಿದ್ದ ಆಸ್ಪತ್ರೆ ಇದು. ಯಾತ್ರಿಕರ ಅಂಗಣದಲ್ಲಿ 1440ರ ದಶಕದ ಭಿತ್ತಿಚಿತ್ರಗಳಿವೆ: ಗಾಯ ತೊಳೆಯುವ ವೈದ್ಯರು, ಹಾಲೂಡಿಸುವ ದಾದಿಯರು, ಅನಾಥ ಹೆಣ್ಣುಮಕ್ಕಳ ಮದುವೆ. ಫೋಂತೆ ಗಾಯಾದ ಮೂಲ ಶಿಲ್ಪಗಳೂ ಈ ಕಟ್ಟಡದಲ್ಲೇ ಇವೆ.

ಕೊನೆಗೆ ಚರ್ಚಿನ ವಸ್ತುಸಂಗ್ರಹಾಲಯ. ಮಂದ ಬೆಳಕಿನ ಒಂದು ಕೋಣೆಯಲ್ಲಿ ದುಚ್ಚೊ 1308ರಿಂದ 1311ರವರೆಗೆ ಬರೆದ ಮಾಯೆಸ್ತಾ ಇದೆ. 1311ರ ಜೂನ್ 9ರಂದು ಅಂಗಡಿಗಳನ್ನೆಲ್ಲ ಮುಚ್ಚಿ, ಗಂಟೆ ಬಾರಿಸುತ್ತ, ಕಹಳೆ ಊದುತ್ತ ಇಡೀ ಊರು ಇದನ್ನು ಚಿತ್ರಕಾರನ ಕಾರ್ಯಾಗಾರದಿಂದ ಚರ್ಚಿಗೆ ಮೆರವಣಿಗೆಯಲ್ಲಿ ತಂದಿತು. ಸಿಮೊನೆ ಮಾರ್ತಿನಿಯ ಗೋಡೆಚಿತ್ರಕ್ಕೆ ನಾಲ್ಕು ವರ್ಷ ಹಿರಿಯದು. ಎರಡನ್ನೂ ಮನಸ್ಸಿನಲ್ಲಿ ಹೋಲಿಸಿದರೆ ಒಂದೇ ಊರಿನ, ಒಂದೇ ಭಕ್ತಿಯ ಚಿತ್ರ ಎಷ್ಟು ಬೇಗ ಬದಲಾಯಿತೆಂದು ತಿಳಿಯುತ್ತದೆ. ಫಲಕದ ಹಿಂಬದಿಯಲ್ಲಿದ್ದ ಯೇಸುವಿನ ಕೊನೆಯ ದಿನಗಳ ಸಣ್ಣ ಸಣ್ಣ ದೃಶ್ಯಗಳು ಎದುರಿನ ಗೋಡೆಯಲ್ಲಿವೆ. ಅವನ್ನು ಆತುರಪಡದೆ ಓದಬೇಕು. 1771ರಲ್ಲಿ ಈ ಬೃಹತ್ ಕೃತಿಯನ್ನು ಗರಗಸದಿಂದ ಕೊಯ್ದು ಬಿಡಿಬಿಡಿ ಮಾಡಿದರು; ಕೆಲವು ತುಂಡುಗಳು ಇಂದು ಲಂಡನ್, ವಾಷಿಂಗ್ಟನ್, ನ್ಯೂಯಾರ್ಕ್‌ಗಳಲ್ಲಿವೆ.

ಇದೇ ಸಂಗ್ರಹಾಲಯದ ಮೇಲಿನ ಮಹಡಿಯಿಂದ ಕಿರಿದಾದ ಸುರುಳಿ ಮೆಟ್ಟಿಲು ಹತ್ತಿ ಫಾಚ್ಚಾತೊನೆ ಎಂಬ ಅಪೂರ್ಣ ಗೋಡೆಯ ನೆತ್ತಿಗೆ ಹೋಗಬಹುದು. ಒಮ್ಮೆಗೆ ಕೆಲವರನ್ನೇ ಬಿಡುವುದರಿಂದ ಕಾಯಬೇಕಾದೀತು. 1339ರಲ್ಲಿ ಸಿಯೆನಾದವರು ತಮ್ಮ ಚರ್ಚನ್ನು ಇಟಲಿಯ ಅತಿ ದೊಡ್ಡ ಚರ್ಚುಗಳ ಸಾಲಿಗೆ ಸೇರಿಸಬೇಕೆಂದು ಹೊರಟರು. ಈಗಿರುವ ಚರ್ಚು ಆ ಹೊಸ ಕಟ್ಟಡದ ಅಡ್ಡತೋಳಾಗಿ ಉಳಿಯಬೇಕಿತ್ತು. ಪ್ಲೇಗ್ ಬಂತು, ಕಟ್ಟಡದ ದೋಷಗಳೂ ಕಂಡವು, ಕೆಲಸ ನಿಂತಿತು. ನೀವು ನಿಂತಿರುವುದು ಆ ಚರ್ಚಿನ ಮುಂಭಾಗವಾಗಬೇಕಿದ್ದ ಗೋಡೆಯ ಮೇಲೆ. ಕೆಳಗಿನ ಕಾರು ನಿಲುಗಡೆಯೇ ಅದರ ನಡುಅಂಗಣ. ಒಂದು ಕಡೆ ಕಾಂಪೊ, ಗೋಪುರ, ಒಂಬತ್ತು ಮಂದಿಯ ಭವನ. ಸುತ್ತ ಕೋಟೆಯೊಳಗೇ ಉಳಿದುಹೋದ ಹಸಿರು ತೋಟಗಳು, ಅಂದರೆ ಮನೆಗಳು ತುಂಬಬೇಕಾಗಿದ್ದ, ತುಂಬದೆ ಹೋದ ಜಾಗಗಳು. ಇದನ್ನು ಕೊನೆಯಲ್ಲಿ ನೋಡಬೇಕೆಂದು ಹೇಳಿದ್ದು ಇದಕ್ಕಾಗಿಯೇ: ಮೊದಲ ದಿನವೇ ಹತ್ತಿದರೆ ಇದು ಚಂದದ ನೋಟ ಮಾತ್ರವಾಗಿರುತ್ತಿತ್ತು.

ಹೊರಡುವ ಮುನ್ನ ಕೊಳ್ಳಬೇಕಾದ್ದು

ಮನೆಗೆ ಒಯ್ಯಲು ಪನ್‌ಫೋರ್ತೆಯಷ್ಟು ಅನುಕೂಲದ ತಿಂಡಿ ಇನ್ನೊಂದಿಲ್ಲ. ಬಾದಾಮಿ, ಸಕ್ಕರೆಪಾಕದಲ್ಲಿ ನೆನೆದ ಹಣ್ಣಿನ ತುಂಡುಗಳು, ಜೇನು, ಮಸಾಲೆ ಸೇರಿಸಿ ಗಟ್ಟಿಯಾಗಿ ಬೇಯಿಸಿದ ಚಪ್ಪಟೆ ಬಿಲ್ಲೆ ಇದು. ಸಾಂಪ್ರದಾಯಿಕ ವಿಧಾನದಲ್ಲಿ ಮೊಟ್ಟೆಯಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಬಿಳಿ ಸಕ್ಕರೆಪುಡಿ ಹೊದ್ದ ಮಾರ್ಗೆರೀತಾ ಬಗೆ 19ನೆಯ ಶತಮಾನದ ಕೊನೆಯಲ್ಲಿ ರಾಣಿಯೊಬ್ಬಳ ಹೆಸರಿನಲ್ಲಿ ಬಂದದ್ದು. ಅದಕ್ಕಿಂತ ಹಳೆಯದು ಕಪ್ಪನೆಯ ಪನ್‌ಪೆಪಾತೊ, ಕಾಳುಮೆಣಸಿನ ಖಾರವಿರುವುದು. ಮಧ್ಯಯುಗದ ಯುರೋಪಿಗೆ ಕಾಳುಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದಲೇ ಆದ್ದರಿಂದ ನಮ್ಮವರ ಮತ ಇದಕ್ಕೇ ಬೀಳುವುದು ನ್ಯಾಯ. ರಿಚ್ಚಾರೆಲ್ಲಿ ಎಂಬ ಮೆತ್ತನೆಯ ಬಾದಾಮಿ ಬಿಸ್ಕತ್ತಿನಲ್ಲಿ ಮೊಟ್ಟೆಯ ಬಿಳಿಭಾಗ ಇರುತ್ತದೆ. ಆಕ್ರೋಟು, ಸೋಂಪು ಹಾಕಿದ ಕವಲ್ಲುಚ್ಚಿ ಗಟ್ಟಿಯಾಗಿರುತ್ತದೆ, ಹಲ್ಲು ಗಟ್ಟಿಯಿದ್ದವರಿಗೆ ಅದು. ಕಾಂಪೊದ ಅಂಚಿನ ಉಡುಗೊರೆ ಅಂಗಡಿಗಳಲ್ಲಿ ಡಬ್ಬಿಗೆ ಹಣ ಹೆಚ್ಚು. ಎರಡು ಬೀದಿ ಆಚೆಗಿನ ಬೇಕರಿಯಲ್ಲಿ ತೂಕದ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ರುಚಿ ನೋಡಿ, ಕಾಲು ಕಿಲೋದಿಂದ ಆರಂಭಿಸಿ. ವಿಮಾನದ ಕೈಚೀಲದಲ್ಲಿ ಪನ್‌ಫೋರ್ತೆಗೆ ಅಡ್ಡಿಯಿಲ್ಲ, ಆದರೆ ಮೆತ್ತನೆಯ ಚೀಸನ್ನು ಭದ್ರತಾ ತಪಾಸಣೆಯಲ್ಲಿ ದ್ರವದ ಲೆಕ್ಕಕ್ಕೆ ಸೇರಿಸುವುದುಂಟು. ಅದನ್ನು ದೊಡ್ಡ ಪೆಟ್ಟಿಗೆಗೇ ಹಾಕಬೇಕು.